ಗಾಡಿಯೇ ಮನೆಯಾದಾಗ: ಪುಣೆ, ಬೆಳಗಾವಿ, ಗೋವಾ ಸುತ್ತಿನ ಖರ್ಚು ಲೆಕ್ಕ

ಬಾಡಿಗೆ ಮನೆಯಲ್ಲಿದ್ದಾಗ ತಿಂಗಳ ಲೆಕ್ಕ ಸರಿಹೋಗುತ್ತದೆ. ಒಂದನೇ ತಾರೀಕಿಗೆ ಸಂಬಳ, ಐದರೊಳಗೆ ಬಾಡಿಗೆ, ಆಮೇಲೆ ಕರೆಂಟು ಬಿಲ್ಲು, ಹಾಲಿನ ಲೆಕ್ಕ. ಪುಣೆಯ ಮನೆ ಖಾಲಿ ಮಾಡಿ ವ್ಯಾನಿನಲ್ಲೇ ಸಂಸಾರ ಹೂಡಿದ ಮೇಲೂ ಇದೇ ಪಟ್ಟಿ ಹಿಡಿದು ಹೊರಟರೆ ಹದಿನೆಂಟನೇ ತಾರೀಕಿಗೇ ದುಡ್ಡು ಮುಗಿದಿರುತ್ತದೆ. ಎಲ್ಲಿ ಸೋರಿತು ಅಂತ ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ರಸ್ತೆಯ ಮೇಲೆ ಖರ್ಚು ಹುಟ್ಟುವುದು ತಿಂಗಳಿಗಲ್ಲ. ಕೆಲವು ಖರ್ಚು ಗಾಡಿ ಓಡಿದ ಕಿಲೋಮೀಟರಿಗೆ ಹುಟ್ಟುತ್ತವೆ, ಕೆಲವು ಕಳೆದ ದಿನಕ್ಕೆ, ಉಳಿದವು ವರ್ಷಕ್ಕೊಮ್ಮೆ. ಈ ಮೂರನ್ನೂ ಬೇರೆ ಬೇರೆ ಬರೆದಿಟ್ಟರೆ ಹಿಡಿತ ಸಿಗುತ್ತದೆ.

ಕೆಳಗಿನ ಲೆಕ್ಕ ಇಬ್ಬರಿಗೆ, ಮಾರುತಿ ಈಕೋ ಗಾತ್ರದ ಒಂದು ಹಳೆ ಪೆಟ್ರೋಲ್ ವ್ಯಾನಿಗೆ, ಪುಣೆಯನ್ನು ನೆಲೆ ಮಾಡಿಕೊಂಡು ಕೊಲ್ಹಾಪುರ, ಬೆಳಗಾವಿ, ಗೋವಾ, ಕೊಂಕಣ ಸುತ್ತುವವರಿಗೆ. ದರಗಳು ಅಂದಾಜಿಗೆ ಹಿಡಿದವು. ನೀವು ಲೆಕ್ಕ ಹಾಕುವ ದಿನದ ದರ ಅಲ್ಲಿ ಕೂರಿಸಿಕೊಳ್ಳಿ, ವಿಧಾನ ಅದೇ.

ಕಿಲೋಮೀಟರಿನ ಲೆಕ್ಕ

ಮೊದಲು ನಿಮ್ಮ ಗಾಡಿಯ ನಿಜವಾದ ಮೈಲೇಜ್ ಕಂಡುಹಿಡಿಯಿರಿ. ಕಂಪನಿ ಹೇಳಿದ ಅಂಕಿ ಖಾಲಿ ಗಾಡಿಯದು. ಪ್ಲೈವುಡ್ ಮಂಚ, ಹಾಸಿಗೆ, ಬ್ಯಾಟರಿ, ಪಾತ್ರೆ ಪಗಡೆ, 40 ಲೀಟರ್ ನೀರು ಅಂದರೆ ಅದೇ 40 ಕಿಲೋ, ಇಷ್ಟು ಹೇರಿಕೊಂಡು ಘಟ್ಟ ಹತ್ತುವ ಗಾಡಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ನಾಝಲ್ ಮೊದಲ ಸಲ ಟಕ್ ಎಂದು ತಾನಾಗಿ ನಿಂತ ಕೂಡಲೇ ಸಾಕು ಅನ್ನಿ. ರೌಂಡ್ ಫಿಗರ್ ಮಾಡಲು ಮತ್ತೆ ಒತ್ತಿ ಹಾಕಿದರೆ ಲೆಕ್ಕ ಕೆಡುತ್ತದೆ. ಓಡೋಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲವೂ ಮೊದಲ ಟಕ್ಕಿಗೇ ನಿಲ್ಲಿಸಿ, ನಡುವೆ ಓಡಿದ ಕಿಲೋಮೀಟರನ್ನು ಈಗ ಬಿದ್ದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಟ್ಯಾಂಕ್ ಅಳೆದು ಸರಾಸರಿ ತೆಗೆಯಿರಿ, ಅದರಲ್ಲಿ ಒಂದು ಟ್ಯಾಂಕಾದರೂ ಘಟ್ಟದ ದಾರಿಯದ್ದಿರಲಿ.

ಲೀಟರಿಗೆ 13 ಕಿ.ಮೀ. ಬಂತು, ಪೆಟ್ರೋಲ್ ₹104 ಎಂದಿಟ್ಟುಕೊಳ್ಳಿ. ಪೆಟ್ರೋಲಿಗೇ ಕಿಲೋಮೀಟರಿಗೆ ₹8 ಆಯಿತು. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ತಪ್ಪಾಗುವುದೂ ಇಲ್ಲೇ. ನಾಲ್ಕು ಟೈರಿಗೆ ₹15,000, ಅವು 40,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 38 ಪೈಸೆ. ಹತ್ತು ಸಾವಿರ ಕಿಲೋಮೀಟರಿಗೊಂದು ಸರ್ವೀಸ್ ₹5,500 ಹಿಡಿದರೆ 55 ಪೈಸೆ. ಕ್ಲಚ್ ಪ್ಲೇಟು, ಬ್ರೇಕ್ ಶೂ, ಸಸ್ಪೆನ್ಷನ್ ಬುಷ್, ರೇಡಿಯೇಟರ್ ಪೈಪು ಇವಕ್ಕೆಲ್ಲ ಹಳೆ ಗಾಡಿಯಾದರೆ ಕಿಲೋಮೀಟರಿಗೆ ಒಂದು ರೂಪಾಯಿ ಬೇಕೇ ಬೇಕು. ಕೂಡಿದರೆ ಹತ್ತು ರೂಪಾಯಿ ಹತ್ತಿರ. ಅಲ್ಲಿಗೆ ಪುಣೆಯಿಂದ ಪಣಜಿಗೆ 450 ಕಿ.ಮೀ. ಅಂದರೆ ₹3,600 ಪೆಟ್ರೋಲ್ ಅಲ್ಲ, ₹4,500 ಖರ್ಚು. ಉಳಿದ ₹900 ಅವತ್ತು ಜೇಬಿನಿಂದ ಹೋಗುವುದಿಲ್ಲ, ಆದರೆ ಟೈರು ಸವೆದ ದಿನ ಒಟ್ಟಿಗೆ ಬಂದು ಕೇಳುತ್ತದೆ. ಆದ್ದರಿಂದ ಪ್ರತಿ ಸಲ ಟ್ಯಾಂಕ್ ತುಂಬಿಸಿದ ಕೂಡಲೇ, ಓಡಿದ ಕಿಲೋಮೀಟರಿಗೆ ಎರಡು ರೂಪಾಯಿಯಂತೆ ಇನ್ನೊಂದು ಬ್ಯಾಂಕ್ ಖಾತೆಗೆ ಹಾಕಿಬಿಡಿ. ಬಂಕಿನಲ್ಲಿ ನಿಂತೇ ಮಾಡಿ. ಸಂಜೆ ಮಾಡೋಣ ಅಂದುಕೊಂಡರೆ ಮರೆತುಹೋಗುತ್ತದೆ.

ಕಿಲೋಮೀಟರ್ ತನ್ನ ಖರ್ಚನ್ನಷ್ಟೇ ತರುವುದಿಲ್ಲ, ಊಟದ ಖರ್ಚನ್ನೂ ಎಳೆದು ತರುತ್ತದೆ. ಗಾಡಿ ಓಡಿದ ದಿನ ಅಡುಗೆ ಆಗುವುದಿಲ್ಲ. ಬೆಳಿಗ್ಗೆ ಹೆದ್ದಾರಿ ಹೋಟೆಲ್ಲಿನಲ್ಲಿ ತಿಂಡಿ, ಮಧ್ಯಾಹ್ನ ಧಾಬಾದಲ್ಲಿ ಊಟ, ನಡುವೆ ಎರಡು ಸಲ ಚಹಾ, ಸಂಜೆ ಸುಸ್ತಾಗಿ ಮತ್ತೆ ಹೊರಗೇ ಊಟ. ನಿಂತ ದಿನ ಇಬ್ಬರಿಗೆ ₹350ರಲ್ಲಿ ಮುಗಿಯುವ ಹೊಟ್ಟೆಪಾಡು ಓಡಿದ ದಿನ ₹600 ದಾಟುತ್ತದೆ. ದಿನಕ್ಕೆ 100 ಕಿ.ಮೀ. ಓಡುವವರನ್ನೂ ತಿಂಗಳಿಗೆ ಆರೇ ದಿನ ಗಾಡಿ ತೆಗೆದು 900 ಕಿ.ಮೀ. ಓಡುವವರನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಇದಕ್ಕೇ. ಆ ಲೆಕ್ಕ ಮುಂದೆ ಇದೆ.

ಬೆಳಗಾವಿ ಕಡೆಯವರಿಗೆ ಇದಕ್ಕೆ ಮದ್ದು ಗೊತ್ತು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ದಾರಿಯಲ್ಲಿ ಕೊಂಡ ಮೊಸರು, ಒಂದು ಈರುಳ್ಳಿ. ನೂರು ರೂಪಾಯಿಯೊಳಗೆ ಇಬ್ಬರ ಮಧ್ಯಾಹ್ನದ ಊಟ. ಒಣ ದಿನಗಳಲ್ಲಿ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮಳೆಗಾಲದ ಕೊಂಕಣದಲ್ಲಿ ಮಾತ್ರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡದಿದ್ದರೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ.

ಸಿಎನ್‌ಜಿ ಹಾಕಿಸಿದರೆ ಇಂಧನದ ಖರ್ಚು ಇಳಿಯುವುದು ನಿಜ. ಆದರೆ ಈಕೋದಂಥ ಗಾಡಿಯಲ್ಲಿ ಅದರ ಸಿಲಿಂಡರ್ ಹಿಂದಿನ ಜಾಗವನ್ನೇ ನುಂಗುತ್ತದೆ, ಕಾಲು ಚಾಚಿ ಮಲಗುವ ಮಂಚಕ್ಕೆ ಬೇಕಾದ ಜಾಗ ಅದು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡ ಕೊಟ್ಟು ಗಟ್ಟಿತನ ನೋಡುವ ಪರೀಕ್ಷೆ, ಮಾಡಿಸಬೇಕು. ಪುಣೆಯ ಬಂಕುಗಳಲ್ಲಿ ಸಾಲು ಉದ್ದ, ಕೊಂಕಣದ ದಾರಿಯಲ್ಲಿ ಬಂಕುಗಳೇ ವಿರಳ. ಪುಣೆಯ ಸುತ್ತಲೇ ತಿರುಗುವವರಿಗೆ ಸರಿ, ಗೋವಾಕ್ಕೆ ಹೋಗಿ ತಿಂಗಳುಗಟ್ಟಲೆ ಇರುವವರಿಗೆ ಅದರಿಂದ ದೊಡ್ಡ ಲಾಭವಿಲ್ಲ. ಗೋವಾದಲ್ಲಿ ಪೆಟ್ರೋಲೇ ಮಹಾರಾಷ್ಟ್ರಕ್ಕಿಂತ ಲೀಟರಿಗೆ ಕೆಲವು ರೂಪಾಯಿ ಅಗ್ಗ. ಘಟ್ಟ ಹತ್ತುವ ಮುನ್ನ ಅಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ಟೋಲ್ ಇದರಲ್ಲಿ ಸೇರಿಲ್ಲ. ಎನ್‌ಎಚ್ 48ರಲ್ಲಿ ಪುಣೆಯಿಂದ ಬೆಳಗಾವಿಗೆ ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ ಎಂದು ಆರು ನಾಕೆಗಳು. 2025ರ ಆಗಸ್ಟ್ 15ರಂದು ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ₹3,000ಕ್ಕೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅಲ್ಲಿಯತನಕ ನಡೆಯುತ್ತದೆ. ಆ ದರಕ್ಕೆ ಒಂದು ನಾಕೆಗೆ ₹15 ಬಿತ್ತು. ಬೆಳಗಾವಿಗೆ ಸುಮಾರು ಮೂರು ಸಲ ಹೋಗಿ ಬಂದರೆ ಪಾಸಿನ ದುಡ್ಡು ಹುಟ್ಟಿತು. ಫಾಸ್ಟ್ಯಾಗ್ ಚಾಸಿ ನಂಬರಿನ ಮೇಲಷ್ಟೇ ಇದ್ದರೆ ಪಾಸ್ ಸಿಗುವುದಿಲ್ಲ, ಗಾಡಿ ನಂಬರ್ ದಾಖಲಾಗಿರಬೇಕು. ಹಳದಿ ಬೋರ್ಡಿನ ಗಾಡಿಗೂ ಇಲ್ಲ. ರಾಜ್ಯದ ಕೈಯಲ್ಲಿರುವ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಪೂರ್ತಿ ದೂರಕ್ಕೆ 2023ರ ಏಪ್ರಿಲ್‌ನಿಂದ ಕಾರಿಗೆ ₹320 ಆಗಿದೆ. ಯಾವ ನಾಕೆಯಲ್ಲಿ ನಡೆಯುತ್ತದೆ ಎಂಬುದನ್ನು ಹೊರಡುವ ಮುಂಚೆ ರಾಜಮಾರ್ಗಯಾತ್ರಾ ಆ್ಯಪಿನಲ್ಲಿ ನೋಡಿಕೊಳ್ಳಿ.

ಮುಂಬೈಗೆ ಗಾಡಿ ಒಯ್ಯಬೇಡಿ. ಹೋಗಿ ಬರಲು 300 ಕಿ.ಮೀ.ಗೆ ₹3,000, ಎಕ್ಸ್‌ಪ್ರೆಸ್‌ವೇ ಟೋಲ್ ₹640, ಒಟ್ಟು ₹3,640. ಮೇಲೆ ಪಾರ್ಕಿಂಗ್, ಮತ್ತು ಗಾಡಿಯಲ್ಲಿ ಮಲಗುವವರಿಗೆ ಜಾಗವೇ ಸಿಗದ ಊರು. ಡೆಕ್ಕನ್ ಕ್ವೀನ್, ಪ್ರಗತಿ, ಇಂದ್ರಾಯಣಿಯಂಥ ರೈಲಿನಲ್ಲಿ ಎರಡನೇ ದರ್ಜೆಯ ಸೀಟು ಒಬ್ಬರಿಗೆ ನೂರು ರೂಪಾಯಿ ಆಸುಪಾಸು. ಗಾಡಿ ಪುಣೆಯಲ್ಲಿ ಗುರುತಿನವರ ಸೊಸೈಟಿಯಲ್ಲಿ ನಿಲ್ಲಲಿ, ನೀವು ರೈಲಿನಲ್ಲಿ ಹೋಗಿ ಮಾಟುಂಗದಲ್ಲಿ ಉಡುಪಿ ಹೋಟೆಲ್ಲಿನ ಇಡ್ಲಿ ತಿಂದು ಬನ್ನಿ.

ದಿನದ ಲೆಕ್ಕ

ಅಡುಗೆ ಅನಿಲದಿಂದ ಶುರು ಮಾಡೋಣ, ಅಪಾಯವೂ ಗೊಂದಲವೂ ಅಲ್ಲೇ ಹೆಚ್ಚು. ಮನೆಯ 14.2 ಕಿಲೋ ಸಿಲಿಂಡರನ್ನು ಗಾಡಿಯಲ್ಲಿ ಹೊತ್ತು ತಿರುಗಬೇಡಿ. ವಿಳಾಸದ ದಾಖಲೆ ಕೇಳದೆ ಗುರುತಿನ ಚೀಟಿಯ ಮೇಲೆ ಸಿಗುವ 5 ಕಿಲೋ ಸಿಲಿಂಡರ್ ಇದೆ, ಇಂಡೇನ್ ಅದನ್ನು 'ಛೋಟು' ಎಂಬ ಹೆಸರಿನಲ್ಲಿ ಮಾರುತ್ತದೆ. ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಸಣ್ಣ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 120 ಗ್ರಾಂ ಅನಿಲ ತಿನ್ನುತ್ತದೆ. ಕುಕ್ಕರಿನಲ್ಲಿ ಅನ್ನ ಬೇಳೆ, ಎರಡು ಹೊತ್ತು ಚಹಾ, ಒಂದು ಪಲ್ಯ ಎಂದರೆ ಒಟ್ಟು ಒಂದೂಕಾಲು ಗಂಟೆ, ದಿನಕ್ಕೆ 150 ಗ್ರಾಂ. ಐದು ಕಿಲೋ 33 ದಿನ ಬರಬೇಕು. ಇಪ್ಪತ್ತೇ ದಿನಕ್ಕೆ ಮುಗಿದರೆ ಮೂರರಲ್ಲಿ ಒಂದು: ಗಾಳಿಗೆ ಅಡ್ಡ ಇಡದೆ ಬಯಲಲ್ಲಿ ಒಲೆ ಹಚ್ಚುತ್ತಿದ್ದೀರಿ, ವಾಷರ್ ಸೋರುತ್ತಿದೆ, ಇಲ್ಲವೇ ಸಿಲಿಂಡರ್ ತುಂಬಿಯೇ ಬಂದಿರಲಿಲ್ಲ.

ಮೂರನೆಯದನ್ನು ಅಂಗಡಿಯಲ್ಲೇ ಹಿಡಿಯಬಹುದು. ಸಿಲಿಂಡರಿನ ಮೇಲ್ಭಾಗದಲ್ಲಿ ಖಾಲಿ ತೂಕ ನಮೂದಿಸಿರುತ್ತಾರೆ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಒಂದು ಗಾಡಿಯಲ್ಲಿರಲಿ. ಕೊಕ್ಕೆಗೆ ಸಿಲಿಂಡರಿನ ಹಿಡಿ ಸಿಕ್ಕಿಸಿ ಎತ್ತಿ, ತೋರಿಸಿದ ತೂಕದಿಂದ ಆ ಖಾಲಿ ತೂಕ ಕಳೆಯಿರಿ, ಐದು ಕಿಲೋ ಬರಬೇಕು. ವಾರಕ್ಕೊಮ್ಮೆ ಹೀಗೆ ಎತ್ತಿ ನೋಡಿ ಪುಸ್ತಕದಲ್ಲಿ ಬರೆದರೆ ಅನಿಲ ಯಾವಾಗ ಮುಗಿಯುತ್ತದೆ ಎಂಬುದು ಹತ್ತು ದಿನ ಮುಂಚೆಯೇ ತಿಳಿಯುತ್ತದೆ, ಘಟ್ಟದ ನಡುವೆ ಒಲೆ ಆರುವುದಿಲ್ಲ. ರಸ್ತೆ ಬದಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿಕೊಡುವವರ ಹತ್ತಿರ ಹೋಗಲೇಬೇಡಿ. ಅದು ಕಾನೂನುಬಾಹಿರ, ತೂಕ ಗೊತ್ತಾಗುವುದಿಲ್ಲ, ಮಿತಿ ಮೀರಿ ತುಂಬಿದರೆ ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಅದು ಬಾಂಬು. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಮಂಚದ ಕೆಳಗೆ ಕೂರುತ್ತದೆ. ಮಲಗುವ ಮುನ್ನ ರೆಗ್ಯುಲೇಟರ್ ಬಿಚ್ಚಿ, ಸೇಫ್ಟಿ ಕ್ಯಾಪ್ ಹಾಕಿ. ಕಿಟಕಿ ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚಬೇಡಿ.

ಗೋವಾದ ಬೀಚಿನಲ್ಲಿ ಒಲೆ ಹಚ್ಚುವುದು ಬೇರೆಯದೇ ಖರ್ಚು. ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದನ್ನು 2019ರಲ್ಲಿ ಕಾನೂನಿನ ತಿದ್ದುಪಡಿಯಿಂದ ನಿಷೇಧಿಸಿದ್ದಾರೆ. ಆಗ ಒಬ್ಬರಿಗೆ ₹2,000, ಗುಂಪಿಗೆ ₹10,000 ದಂಡವಿತ್ತು, 2025ರ ತಿದ್ದುಪಡಿ ಅದನ್ನು ಇನ್ನೂ ಏರಿಸಿದೆ. ಮರಳಿನ ಮೇಲೆ ಗಾಡಿ ಇಳಿಸುವುದೂ ತಪ್ಪು. ಒಂದು ದಂಡ ಕಟ್ಟಿದರೆ ವಾರದ ದಿನಸಿ ಹೋಯಿತು. ಹೋಮ್‌ಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ದಿನಕ್ಕೆ ₹200–300 ಕೊಟ್ಟರೆ ಅಡುಗೆ, ಸ್ನಾನ, ನೀರು ಎಲ್ಲ ಆಗುತ್ತದೆ, ನಿದ್ದೆಯೂ ಬರುತ್ತದೆ.

ರಾತ್ರಿ ನಿಲ್ಲುವ ಜಾಗಕ್ಕೆ ಸರಾಸರಿ ದಿನಕ್ಕೆ ₹150 ಹಿಡಿಯಿರಿ. ಕೆಲವು ರಾತ್ರಿ ಪುಕ್ಕಟೆ, ಕೆಲವು ರಾತ್ರಿ ಲಾಡ್ಜ್. ಹೆದ್ದಾರಿ ಧಾಬಾಗಳಲ್ಲಿ ಅಲ್ಲೇ ಊಟ ಮಾಡಿದವರನ್ನು ಬೇಡ ಅನ್ನುವುದು ಅಪರೂಪ, ಆದರೆ ಊಟಕ್ಕೆ ಕೂರುವ ಮುಂಚೆಯೇ ಕೇಳಬೇಕು. ನಿಪ್ಪಾಣಿಯಿಂದ ಇತ್ತ ಕನ್ನಡದಲ್ಲೇ ಕೇಳಿ: "ಇವತ್ತ ರಾತ್ರಿ ಗಾಡಿ ಇಲ್ಲೇ ನಿಲ್ಲಸ್ಲೇನ್ರಿ ಅಣ್ಣಾರ?" ಗೋವಾದಲ್ಲೂ ಮಡಗಾಂವ್, ವಾಸ್ಕೋ, ಮಾಪುಸಾ ಮಾರುಕಟ್ಟೆಗಳಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು. ಎಲ್ಲಿ ನೀರು ಸಿಗುತ್ತದೆ, ಯಾವ ಗ್ಯಾರೇಜ್ ನಂಬಬಹುದು ಎಂಬ ವಿಷಯ ಅವರಿಂದ ಗೊತ್ತಾಗುವಷ್ಟು ಯಾವ ಆ್ಯಪಿನಿಂದಲೂ ಗೊತ್ತಾಗುವುದಿಲ್ಲ. ಗೋವಾದ ತರಕಾರಿ ಬಹಳಷ್ಟು ಬೆಳಗಾವಿಯಿಂದಲೇ ಘಟ್ಟ ಇಳಿದು ಬರುತ್ತದೆ. ಆದ್ದರಿಂದ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಬೆಳಗಾವಿಯಲ್ಲೇ ತುಂಬಿಕೊಂಡು ಇಳಿಯಿರಿ. ಸೊಪ್ಪು, ಟೊಮೇಟೊ ಮಾತ್ರ ಗೋವಾ ಹಾರ್ಟಿಕಲ್ಚರ್ ಕಾರ್ಪೊರೇಷನ್ನಿನ ರಿಯಾಯಿತಿ ಅಂಗಡಿಗಳಲ್ಲಿ ಬೆಳಿಗ್ಗೆಯೇ ಕೊಳ್ಳಿ, ಹೊತ್ತು ಏರಿದರೆ ಒಳ್ಳೆಯದು ಉಳಿಯುವುದಿಲ್ಲ.

ಕುಡಿಯಲು, ಅಡುಗೆಗೆ ಇಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಬೇಕು, 20 ಲೀಟರಿನ ಕ್ಯಾನು ಎರಡು ದಿನ. ಅಂಗಡಿಯವರ ಕ್ಯಾನು ತೆಗೆದುಕೊಂಡರೆ ಪ್ರತಿ ಊರಿನಲ್ಲೂ ಡಿಪಾಸಿಟ್ ಸಿಕ್ಕಿಹಾಕಿಕೊಳ್ಳುತ್ತದೆ. ಸ್ವಂತ ಕ್ಯಾನು ಕೊಂಡು ತುಂಬಿಸಿಕೊಳ್ಳಿ. ಬಟ್ಟೆ, ಸ್ನಾನಕ್ಕೆ ದಿನಕ್ಕೆ ₹80. ಮಳೆಗಾಲದಲ್ಲಿ ಇದು ದುಪ್ಪಟ್ಟು, ಏಕೆಂದರೆ ಕೊಂಕಣದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಕಿಲೋ ಲೆಕ್ಕದ ಲಾಂಡ್ರಿಗೆ ಹಾಕಲೇಬೇಕು. ಮೊಬೈಲಿಗೆ ಇಬ್ಬರೂ ಒಂದೇ ಕಂಪನಿಯ ಸಿಮ್ ಇಟ್ಟುಕೊಳ್ಳಬೇಡಿ, ಚೋರ್ಲಾ, ಅಂಬೋಲಿ ಘಟ್ಟಗಳ ಕಡೆ ಒಂದರ ಸಿಗ್ನಲ್ ಹೋದರೆ ಇನ್ನೊಂದು ಬೇಕು. ಯುಪಿಐ ನಡೆಯದ ಜಾಗಕ್ಕೆ ₹2,000 ನಗದು, ಹತ್ತು ಇಪ್ಪತ್ತರ ನೋಟುಗಳಲ್ಲಿ.

ಫ್ರಿಜ್ ಮೊದಲ ಮೂರು ತಿಂಗಳು ಬೇಡ. ನಲವತ್ತು ಲೀಟರಿನ 12 ವೋಲ್ಟ್ ಫ್ರಿಜ್ ಕರಾವಳಿಯ ಸೆಕೆಯಲ್ಲಿ ದಿನಕ್ಕೆ 500 ವ್ಯಾಟ್-ಅವರ್ ಆಸುಪಾಸು ಎಳೆಯುತ್ತದೆ. ನೂರು ಆಂಪಿಯರ್-ಅವರ್‌ನ ಸಾಮಾನ್ಯ ಬ್ಯಾಟರಿಯಲ್ಲಿ ಹಾನಿಯಿಲ್ಲದೆ ಬಳಸಬಹುದಾದದ್ದೇ 600 ವ್ಯಾಟ್-ಅವರ್. ಮೋಡ ಕವಿದರೆ ಸೋಲಾರ್ ಕೈಕೊಡುತ್ತದೆ, ಆಗ ಜನ ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿಗೇ ವೈರ್ ಕೊಡುತ್ತಾರೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹಾಲು ಮೊಸರು ದಿನಾ ಕೊಳ್ಳುವುದೇ ಅಗ್ಗ.

ವರ್ಷದ ಲೆಕ್ಕ

ಗಾಡಿ ವಿಮೆ ₹14,000, ಇಬ್ಬರ ಆರೋಗ್ಯ ವಿಮೆ ₹26,000, ಪಿಯುಸಿ ಮತ್ತು ಕಾಗದಪತ್ರ ₹1,000, ಫಾಸ್ಟ್ಯಾಗ್ ಪಾಸ್ ₹3,000, ಫೋನು ಲ್ಯಾಪ್‌ಟಾಪ್ ರಿಪೇರಿ ₹16,000, ಊರಿನ ಮದುವೆ, ಮುಂಜಿ, ಗಣಪತಿ, ದೀಪಾವಳಿಗೆ ₹24,000. ಒಟ್ಟು ₹84,000, ತಿಂಗಳಿಗೆ ₹7,000 ಎತ್ತಿಡಬೇಕು. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಯಾರಿಂದಲೂ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಆರೋಗ್ಯ ವಿಮೆಯಲ್ಲಿ ಒಂದು ಕಿತಾಪತಿ ಇದೆ. ಹಲವು ಪಾಲಿಸಿಗಳ ಪ್ರೀಮಿಯಂ ವಿಳಾಸದ ಊರಿನ ವಲಯದ ಮೇಲೆ ನಿಂತಿರುತ್ತದೆ. ಬೆಳಗಾವಿಯ ವಿಳಾಸ ಕೊಟ್ಟು ಕಡಿಮೆ ಪ್ರೀಮಿಯಂ ಕಟ್ಟಿ, ಮುಂಬೈಯ ಆಸ್ಪತ್ರೆಗೆ ಸೇರಿದರೆ ಬಿಲ್ಲಿನ ಒಂದು ಪಾಲು ನೀವೇ ತೆರಬೇಕೆಂಬ ಷರತ್ತು ಇರಬಹುದು. ವರ್ಷವಿಡೀ ತಿರುಗುವವರು ವಲಯದ ಷರತ್ತಿಲ್ಲದ ಪಾಲಿಸಿಯನ್ನೇ ನೋಡಬೇಕು.

ಗಾಡಿಯ ಒಳಗೆ ಏನು ಕೂರಿಸುತ್ತೀರಿ ಎಂಬುದೂ ದುಡ್ಡಿನ ಪ್ರಶ್ನೆಯೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಗೊಳಿಸಿತು. ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಸೀಟು ಕಿತ್ತು, ನೆಲಕ್ಕೆ ಬೋಲ್ಟ್ ಹೊಡೆದು ಮಂಚ ಕೂರಿಸಿ ವಿಮೆಗೆ ತಿಳಿಸದಿದ್ದರೆ ಅಪಘಾತವಾದಾಗ ಕ್ಲೇಮು ತಿರಸ್ಕೃತವಾಗಬಹುದು. ಎತ್ತಿ ಹೊರಗಿಡಬಹುದಾದ ಪೆಟ್ಟಿಗೆ-ಮಂಚ ಮಾಡಿಸಿ, ಸಾಮಾನಿನಂತೆ ಬೆಲ್ಟಿನಿಂದ ಬಿಗಿಯಿರಿ. ಮಳೆಗಾಲದ ಕೊಂಕಣಕ್ಕೆ ಗಾಡಿ ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳಿ. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಹಾಳಾದರೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಸಣ್ಣ ಗೀರು ಡೆಂಟಿಗೆ ಕ್ಲೇಮು ಹಾಕಬೇಡಿ, ಕ್ಲೇಮು ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ, ಐದು ವರ್ಷಕ್ಕೆ ಶೇ. 50ರವರೆಗೆ ಏರುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕೈತಪ್ಪುತ್ತದೆ.

ಎಂಎಚ್ ನೋಂದಣಿಯ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇದ್ದರೆ 47ನೇ ಸೆಕ್ಷನ್ ಪ್ರಕಾರ ಅಲ್ಲಿನ ನೋಂದಣಿ ಮಾಡಿಸಬೇಕು, ತೆರಿಗೆಯೂ ಬೀಳುತ್ತದೆ. ಗಡಿ ದಾಟಿದ ತಾರೀಕಿಗೆ ನಿಮ್ಮ ಹತ್ತಿರ ಇರುವ ಸಾಕ್ಷಿ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್. ತಿಂಗಳಿಗೊಮ್ಮೆ ಪಿಡಿಎಫ್ ಇಳಿಸಿಟ್ಟುಕೊಳ್ಳಿ.

ಕೂಡಿಸಿದರೆ

ತಿಂಗಳಿಗೆ ಆರು ದಿನ ಓಡಿ, 24 ದಿನ ನಿಂತವರದು: 900 ಕಿ.ಮೀ.ಗೆ ₹9,000. ನಿಂತ ದಿನಕ್ಕೆ ಊಟ ₹350, ರಾತ್ರಿ ನಿಲ್ಲುವ ಜಾಗ ₹150, ಸ್ನಾನ ಬಟ್ಟೆ ₹80, ನೀರು ₹40, ಮೊಬೈಲ್ ₹30, ಅನಿಲ ₹20, ಹೀಗೆ ₹670ರಂತೆ ₹16,080. ಓಡಿದ ದಿನಕ್ಕೆ ₹950ರಂತೆ ₹5,700. ವರ್ಷದ ಡಬ್ಬಿಗೆ ₹7,000. ಪಾಸ್ ನಡೆಯದ ನಾಕೆಗಳ ಟೋಲ್ ಬಿಟ್ಟು ₹37,780. ದಿನಾ ನೂರು ಕಿಲೋಮೀಟರ್ ಓಡಿದವರದು ₹30,000, ₹28,500, ₹7,000 ಸೇರಿ ₹65,500. ಗಾಡಿ ಅದೇ, ಇಬ್ಬರೂ ಅವರೇ, ಅಂತರ ₹27,720. ಊಟದಲ್ಲಿ ಹೊಟ್ಟೆ ಕಟ್ಟಿ ಇಷ್ಟು ಉಳಿಸಲು ಯಾರಿಂದಲೂ ಆಗದು. ಬಜೆಟ್ ಮೀರುತ್ತಿದೆ ಅನ್ನಿಸಿದಾಗ ಚಹಾ ಬಿಡಬೇಡಿ, ಇನ್ನೂ ಐದು ದಿನ ಅಲ್ಲೇ ನಿಲ್ಲಿ.

ಎಲ್ಲಿ ನಿಲ್ಲಬೇಕು ಎಂಬುದನ್ನು ಋತು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಪೂರ್ವಕ್ಕೆ, ಸೋಲಾಪುರ, ವಿಜಯಪುರದ ಮಳೆ ನೆರಳಿನ ಕಡೆ ಇದ್ದರೆ ಗುಡ್ಡ ಕುಸಿದು ದಾರಿ ಮುಚ್ಚುವ ಭಯವೂ ಇಲ್ಲ, ಹಾಸಿಗೆಗೆ ಬೂಷ್ಟು ಹಿಡಿಯುವುದೂ ಇಲ್ಲ. ಗೋವಾದಲ್ಲೇ ಇರಬೇಕೆಂದರೆ ಮಳೆಗಾಲದಲ್ಲಿ ತಿಂಗಳ ಬಾಡಿಗೆಯ ಕೋಣೆ ಹಿಡಿಯಿರಿ, ಆಗ ಚೌಕಾಸಿಗೆ ಜಾಗವಿದೆ. ಅಕ್ಟೋಬರ್ ನವೆಂಬರ್ ಕೊಂಕಣಕ್ಕೆ ಒಳ್ಳೆಯದು. ಡಿಸೆಂಬರ್ 20ರಿಂದ ಜನವರಿ 5ರ ತನಕ ಗೋವಾದಿಂದ ದೂರವಿರಿ, ಅಂಗಳದ ಬಾಡಿಗೆಯೂ ಮೂರು ಪಟ್ಟಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯಲ್ಲಿ ಗಾಡಿಯೊಳಗೆ ಮಲಗಲು ಸಾಧ್ಯವಿಲ್ಲ. ಪನ್ಹಾಳ, ಅಂಬೋಲಿಯ ಎತ್ತರಕ್ಕೆ ಹೋಗಿ. ಮಹಾಬಳೇಶ್ವರಕ್ಕೆ ಆಗ ಜನವೋ ಜನ, ದರವೂ ಹಾಗೇ.

ಹೊರಡುವ ಮುಂಚೆ ಎರಡು ಮೊತ್ತ ಬೇರೆ ಇರಬೇಕು. ಗಾಡಿ ಕೆಟ್ಟು ಗ್ಯಾರೇಜಿನಲ್ಲಿ ಹದಿನೈದು ದಿನ ಕೂತರೆ ರಿಪೇರಿಗೆ ಮಾತ್ರವಲ್ಲ, ಆ ಹದಿನೈದು ರಾತ್ರಿಯ ಲಾಡ್ಜಿಗೂ ದುಡ್ಡು ಬೇಕು, ಏಕೆಂದರೆ ಮನೆಯೇ ಗ್ಯಾರೇಜಿನಲ್ಲಿದೆ. ಇದಕ್ಕೆ ₹50,000. ಇನ್ನೊಂದು, ಮರಳಿ ಮನೆ ಹಿಡಿಯುವ ದುಡ್ಡು: ಪುಣೆಯಲ್ಲಿ ನೀವು ಬಿಟ್ಟುಬಂದಂಥ ಮನೆಯ ಮೂರು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಬಾಡಿಗೆ, ಏಜೆಂಟಿನ ಕಮಿಷನ್. ಹಳೆ ಮನೆಯ ಡಿಪಾಸಿಟ್ ವಾಪಸ್ ಬಂದ ದಿನವೇ ಅದನ್ನು ಎಫ್‌ಡಿಗೆ ಹಾಕಿ. ಗಾಡಿಗೆ ಸೋಲಾರ್ ಹಾಕಿಸಲು ಅದನ್ನು ಮುರಿಯಬೇಡಿ.